ಟಿವಿಯ ಬೆನ್ನಿಗಿದ್ದ ಒಂದೇ ತೂತು

ನಮ್ಮ ಮನೆಯ ಟಿವಿಯ ಬೆನ್ನಿಗಿದ್ದದ್ದು ಒಂದೇ ತೂತು. ಆಂಟೆನಾದ ಪಿನ್ನು ಅದರಲ್ಲಿದ್ದರೆ ಕಂಪ್ಯೂಟರಿಗೆ ಜಾಗವಿಲ್ಲ, ಕಂಪ್ಯೂಟರಿನ ವೈರು ಅದರಲ್ಲಿದ್ದರೆ ಆಂಟೆನಾಕ್ಕೆ ಜಾಗವಿಲ್ಲ. ನನ್ನ ಹದಿನಾಲ್ಕನೆಯ ವಯಸ್ಸಿನ ಜಗಳಗಳೆಲ್ಲ ಆ ತೂತಿನಿಂದ ಹುಟ್ಟಿದವು ಎಂದು ನಾನು ಇವತ್ತಿಗೂ ವಾದಿಸಬಲ್ಲೆ. ಅಪ್ಪನನ್ನು ಕೇಳಿದ್ದರೆ ಜಗಳ ಹುಟ್ಟಿದ್ದು ನನ್ನ ನಾಲಿಗೆಯಿಂದ ಎನ್ನುತ್ತಿದ್ದರು. ಎರಡೂ ಇರಬಹುದು ಎಂದು ಒಪ್ಪುವ ಅಭ್ಯಾಸ ನನಗೆ ಆಗ ಇರಲಿಲ್ಲ.

ಮುಳಬಾಗಿಲಿನ ಆ ಮನೆ ರೈಲಿನ ಡಬ್ಬಿಗಳ ಹಾಗಿತ್ತು. ಮುಂದೆ ಜಗಲಿ, ಅದರ ಹಿಂದೆ ನಡುಮನೆ, ಅದರ ಹಿಂದೆ ಅಡುಗೆಮನೆ, ಕೊನೆಗೆ ಬಚ್ಚಲು. ಯಾರು ಎಲ್ಲಿಗೆ ಹೋಗಬೇಕಾದರೂ ನಡುಮನೆಯನ್ನು ದಾಟಲೇಬೇಕು. ಹೀಗಾಗಿ ನಡುಮನೆಯಲ್ಲಿ ಯಾರಿಗೂ ನೆಮ್ಮದಿಯಾಗಿ ಕೂರಲು ಆಗುತ್ತಿರಲಿಲ್ಲ, ಅಜ್ಜಿಯೊಬ್ಬಳನ್ನು ಬಿಟ್ಟು. ಅಪ್ಪನ ತಾಯಿ ಅವಳು, ಮುನಿವೆಂಕಟಮ್ಮ. ಮಂಡಿ ಹೋಗಿತ್ತು. ಗೋಡೆ ಹಿಡಿದು ಬಚ್ಚಲಿಗೆ ಹೋಗಿ ಬರುವುದೇ ಅವಳ ತಿರುಗಾಟ. ಉಳಿದಂತೆ ನಡುಮನೆಯ ಮಂಚ, ಮಂಚದ ಕೆಳಗೆ ಎಲೆಅಡಿಕೆ ತಟ್ಟೆ, ಎದುರಿಗೆ ರಾಗಿ ಮೂಟೆಗಳು, ಮೂಟೆಗಳ ಪಕ್ಕದಲ್ಲಿ ಮರದ ಬಾಗಿಲುಗಳಿದ್ದ ಕಪ್ಪುಬಿಳುಪು ಟಿವಿ. ನಾನೋ, ನಿಂತಲ್ಲಿ ನಿಲ್ಲದವಳು. ಓದುವಾಗಲೂ ಜಗಲಿಯಿಂದ ಬಚ್ಚಲಿಗೆ, ಬಚ್ಚಲಿನಿಂದ ಜಗಲಿಗೆ ನಡೆಯುತ್ತಲೇ ಓದುತ್ತಿದ್ದೆ. ಊಟಕ್ಕೆ ಕೂತರೆ ಎಡಗಾಲು ಅಲ್ಲಾಡುತ್ತಿತ್ತು. ಮುದ್ದೆ ನುಂಗುವ ಮಧ್ಯೆ ಯಾರಾದರೂ ಏನಾದರೂ ಹೇಳಿದರೆ ಸಾಕು, ಅದನ್ನು ತಿರುಗಿಸಿ ಹಾಕುವ ತನಕ ತುತ್ತು ಇಳಿಯುತ್ತಿರಲಿಲ್ಲ. ಶಾಲೆಯ ಚರ್ಚಾಸ್ಪರ್ಧೆಗಳಲ್ಲಿ ಶ್ರೀನಿವಾಸಪುರಕ್ಕೂ ಕೋಲಾರಕ್ಕೂ ಹೋಗಿ ಗೆದ್ದು ಬಂದಿದ್ದೆ. ಪರವೋ ವಿರೋಧವೋ ಚೀಟಿ ಎತ್ತಿ ನಿರ್ಧಾರ. ಯಾವ ಕಡೆ ಬಂದರೂ ಗೆಲ್ಲಬೇಕು, ಅಷ್ಟೇ ಪಾಠ. ಯಾವ ಕಡೆ ನಿಜವಿದೆ ಎಂಬುದು ಆ ಪಾಠದಲ್ಲಿ ಇರಲಿಲ್ಲ. ಅಜ್ಜಿ ನನ್ನನ್ನು ಲಾಯರಮ್ಮ ಎಂದು ಕರೆಯುತ್ತಿದ್ದಳು. ಅದು ಹೊಗಳಿಕೆ ಎಂದೇ ನಾನು ತಿಳಿದಿದ್ದೆ.

ಅಜ್ಜಿಯ ವಾರದಲ್ಲಿ ಇದ್ದದ್ದು ಒಂದೇ ದಿನ. ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ಪುರಾಣದ ಧಾರಾವಾಹಿ ಬರುತ್ತಿತ್ತು. ನಮ್ಮ ಬೀದಿಯಲ್ಲಿ ಟಿವಿ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಅಮ್ಮ ಎದ್ದವಳೇ ನಡುಮನೆ ತೊಳೆದು, ಟಿವಿಯ ಮರದ ಬಾಗಿಲಿಗೆ ಅರಿಶಿನ ಕುಂಕುಮ ಇಟ್ಟು, ಮೇಲೊಂದು ಹೂ ಇಡುತ್ತಿದ್ದಳು. ದೇವರು ತೆರೆಗೆ ಬಂದಾಗ ಪಕ್ಕದ ಮನೆಯ ಪಿಳ್ಳಮ್ಮ ಕರ್ಪೂರ ಹಚ್ಚುತ್ತಿದ್ದಳು. ಮೂವತ್ತು ಜನರಾದರೂ ಸೇರುತ್ತಿದ್ದರು. ಧಾರಾವಾಹಿಯ ಭಾಷೆ ಹಿಂದಿ, ನೋಡುವವರಲ್ಲಿ ಯಾರಿಗೂ ಹಿಂದಿ ಬಾರದು. ಅಜ್ಜಿಗೂ ಬಾರದು. ಆದರೆ ಕಥೆ ಬರುತ್ತಿತ್ತಲ್ಲ. ತೆರೆಯ ಮೇಲಿನವರು ಬಾಯಿ ತೆರೆಯುವ ಮುಂಚೆಯೇ ಮಂಚದ ಮೇಲಿಂದ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಅವರ ಮಾತನ್ನು ಇವಳು ಹೇಳಿಬಿಡುತ್ತಿದ್ದಳು. ಎಷ್ಟೋ ಸಲ ಅವರು ಅಳುತ್ತಿದ್ದರೆ ಇವಳು ಬೈಗುಳ ಹೇಳುತ್ತಿದ್ದಳು. ಯಾರೂ ಪ್ರಶ್ನಿಸುತ್ತಿರಲಿಲ್ಲ. ಆ ಒಂದು ಗಂಟೆ ಮುಗಿದ ಮೇಲೆ ಹೆಂಗಸರು ಅವಳ ಮಂಚದ ಸುತ್ತ ಕೂತು ಎಲೆ ಹಾಕಿಕೊಂಡು ಮಾತಾಡಿ ಹೋಗುತ್ತಿದ್ದರು. ಆ ಮಾತು ಅವಳಿಗೆ ಮುಂದಿನ ಭಾನುವಾರದ ತನಕ ಬರುತ್ತಿತ್ತು.

ಕಂಪ್ಯೂಟರು ಬಂದದ್ದು ಅಮ್ಮನ ತಮ್ಮ ನಾಣಿ ಮಾವನಿಂದ. ಮಾವ ಮಾಲೂರಿನಲ್ಲಿ ಹೆಂಚು, ಇಟ್ಟಿಗೆ ಮಾಡುವ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್ನು. ಮಾಲೀಕರ ಮಗ ವಿದೇಶದಿಂದ ತಂದಿದ್ದ ಒಂದು ಪುಟ್ಟ ಕಂಪ್ಯೂಟರು ಸುಟ್ಟುಹೋದಾಗ ಮಾವನಿಗೆ ರಿಪೇರಿಗೆ ಕೊಟ್ಟಿದ್ದ. ಮಾವ ಸರಿ ಮಾಡುವಷ್ಟರಲ್ಲಿ ಅವನಿಗೆ ಅದರ ಮೇಲಿನ ಆಸೆ ಹೋಗಿತ್ತು. ಮಾವನಿಗೆ ಆಸೆ ಬಂದಿತ್ತು. ಆದರೆ ಮಾವನ ಬಾಡಿಗೆ ಕೋಣೆಯಲ್ಲಿ ಟಿವಿ ಇರಲಿಲ್ಲ. ಕಂಪ್ಯೂಟರಿಗೆ ಸ್ವಂತದ ತೆರೆ ಇರಲಿಲ್ಲ. ನೋಟ್‌ಪುಸ್ತಕದಷ್ಟು ಅಗಲದ ಕರಿ ಡಬ್ಬಿ, ಅದರ ಮೇಲೆ ರಬ್ಬರಿನ ಗುಂಡಿಗಳು, ಹಿಂದೆ ಒಂದು ವೈರು. ಒಂದು ಶನಿವಾರ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದ ಮಾವ ಟಿವಿಯ ಬೆನ್ನಿನಿಂದ ಆಂಟೆನಾ ಪಿನ್ನು ಕಿತ್ತು ತನ್ನ ವೈರು ಚುಚ್ಚಿ, ನಮ್ಮ ಟೇಪ್ ರೆಕಾರ್ಡರಿಗೆ ಒಂದು ಕ್ಯಾಸೆಟ್ಟು ಹಾಕಿದ. ಐದು ನಿಮಿಷ ಕ್ಯಾಸೆಟ್ಟು ಕಿರುಚಿತು.

"ಯಾರನ್ನ ಕೊಲ್ತಾ ಇದ್ದೀಯೋ ನಾಣಿ?" ಎಂದಳು ಅಜ್ಜಿ.

"ತಾಳಿ ಅತ್ತೆಮ್ಮ, ಆಟ ಒಳಗೆ ಹೋಗ್ತಾ ಇದೆ."

ಕಿರುಚಾಟ ನಿಂತಿತು. ತೆರೆಯ ಮೇಲೆ ಒಂದು ಇಟ್ಟಿಗೆ ಗೋಡೆ, ಕೆಳಗೊಂದು ಹಲಗೆ, ನಡುವೆ ಕುಣಿಯುವ ಒಂದು ಬಿಳಿ ಚುಕ್ಕಿ. ಹಲಗೆಯನ್ನು ಎಡಕ್ಕೆ ಬಲಕ್ಕೆ ಸರಿಸಿ ಚೆಂಡನ್ನು ಮೇಲಕ್ಕೆ ತಳ್ಳಬೇಕು, ಅದು ಹೋಗಿ ಒಂದೊಂದೇ ಇಟ್ಟಿಗೆ ಉದುರಿಸಬೇಕು. ಅಷ್ಟೇ. ಆ ಅಷ್ಟೇ ಎನ್ನುವುದು ನನ್ನ ಕೈಗೆ ಸಿಕ್ಕ ಕ್ಷಣದಿಂದ ನನ್ನ ಎಡಗಾಲು ಅಲ್ಲಾಡುವುದು ನಿಂತಿತು ಎಂದು ಅಮ್ಮ ಆಮೇಲೆ ಹೇಳಿದಳು. ಅದುವರೆಗೆ ಟಿವಿ ತೋರಿಸಿದ್ದನ್ನು ನಾವು ನೋಡುತ್ತಿದ್ದೆವು. ಈಗ ನಾನು ಗುಂಡಿ ಒತ್ತಿದರೆ ಅದು ಕೇಳುತ್ತಿತ್ತು. ಮಾತು ಕೇಳುವ ವಸ್ತು ಆ ಮನೆಯಲ್ಲಿ ನನಗೆ ಸಿಕ್ಕದ್ದು ಅದೇ ಮೊದಲು.

ಮಾವ ಕಂಪ್ಯೂಟರನ್ನು ನಮ್ಮಲ್ಲೇ ಬಿಟ್ಟು ಹೋದ. ಅಪ್ಪ ಒಪ್ಪಿದ್ದು ಅರೆಮನಸ್ಸಿನಿಂದ. ಶ್ರೀನಿವಾಸಪುರದ ರೇಷ್ಮೆ ಇಲಾಖೆಯಲ್ಲಿ ಅವರಿಗೆ ಕೆಲಸ, ದಿನಾ ಬಸ್ಸು. ಜಗತ್ತಿನ ಎಲ್ಲವನ್ನೂ ಅವರು ರೇಷ್ಮೆಹುಳುವಿನ ಲೆಕ್ಕದಲ್ಲೇ ಅಳೆಯುತ್ತಿದ್ದರು.

"ಒಂದೇ ಗೋಡೆ, ಒಂದೇ ಜಾಗದಲ್ಲಿ ಗಂಟೆಗಟ್ಟಲೆ ನಿಂತಿದ್ರೆ ಟ್ಯೂಬು ಸವೆಯುತ್ತೆ. ಹುಳ ಒಂದೇ ಕಡೆ ಮೇಯ್ದರೆ ಎಲೇಲಿ ತೂತು ಬೀಳಲ್ವಾ?"

"ಹಾಗಾದ್ರೆ ಸುದ್ದಿ ಓದೋರು ದಿನಾ ಒಂದೇ ಜಾಗದಲ್ಲಿ ಕೂರ್ತಾರಲ್ಲ, ಅಲ್ಲಿ ಯಾಕೆ ತೂತು ಬಿದ್ದಿಲ್ಲ?" ಎಂದೆ.

ಕದಲದ ಚಿತ್ರ ಹಳೆಯ ಟಿವಿಗಳ ಗಾಜಿನ ಮೇಲೆ ನಿಜಕ್ಕೂ ಗುರುತು ಉಳಿಸುತ್ತಿತ್ತು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಹಿಪ್ಪುನೇರಳೆ ಎಲೆಯಿಂದ ಅಪ್ಪ ಅರ್ಧ ಸತ್ಯಕ್ಕೆ ತಲುಪಿದ್ದರು, ನಾನು ಅದನ್ನು ಒಂದು ಪ್ರಶ್ನೆಯಿಂದ ಹೊಡೆದುಹಾಕಿದ್ದೆ. ಕೊನೆಗೆ ಅಪ್ಪ ಎರಡು ಷರತ್ತು ಹಾಕಿದರು. ಒಂದು, ಕಂಪ್ಯೂಟರಿನ ಸುದ್ದಿ ಬೀದಿಗೆ ಗೊತ್ತಾಗಬಾರದು. ಗೊತ್ತಾದರೆ ಎಲ್ಲರೂ ಆಡಲು ಬಂದು ಟ್ಯೂಬು ವಾರದಲ್ಲೇ ಮುಗಿಯುತ್ತೆ. ಅದಕ್ಕಾಗಿ ಆಟದ ಹೊತ್ತಿಗೆ ಬೀದಿ ಕಡೆಯ ಕಿಟಕಿ ಮುಚ್ಚಿರಬೇಕು. ಎರಡು, ಶನಿವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಆಂಟೆನಾ ಪಿನ್ನು ತನ್ನ ತೂತಿಗೆ ಮರಳಿರಬೇಕು. ಭಾನುವಾರ ಆಟವಿಲ್ಲ.

ಈ ಎರಡನೆಯದೇ ನನಗೆ ನುಂಗಲಾಗದ್ದು. ವಾರವೆಲ್ಲ ಶಾಲೆ, ಸಂಜೆಯಾದರೆ ಕರೆಂಟು ಇಲ್ಲ. ಕರೆಂಟೂ ಇದ್ದು ರಜೆಯೂ ಇರುವ ಬೆಳಗು ಅಂದರೆ ಭಾನುವಾರದ್ದೇ. ಒಂದು ಶನಿವಾರ ಅಜ್ಜಿಯ ಜೊತೆ ವಾದಕ್ಕೆ ನಿಂತೆ.

"ಒಂದು ಭಾನುವಾರ ಬಿಟ್ಟುಕೊಡಜ್ಜಿ. ಕಥೆಯೆಲ್ಲ ನಿನಗೆ ಗೊತ್ತಲ್ಲ."

"ನನಗೆ ಗೊತ್ತೇ. ಬರೋರಿಗೆ?"

"ಅವರು ಇನ್ನೊಂದು ವಾರ ಬರ್ತಾರೆ."

"ಅಷ್ಟು ಜನ ನನ್ನ ನೋಡ್ಕೊಂಡು ಹೋಗೋಕೆ ಬರ್ತಾರೆ ತಲ್ಲೀ, ಬರಬೇಡಿ ಅಂತ ಹೆಂಗೆ ಹೇಳ್ಲಿ?"

ಎದುರಾಳಿಯ ಮಾತಿನಲ್ಲಿ ಎಲ್ಲಕ್ಕಿಂತ ತೆಳ್ಳಗಿರುವ ಎಳೆ ಹುಡುಕಿ ಅಲ್ಲೇ ಎಳೆಯಬೇಕು ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಎಳೆ ಕಣ್ಣೆದುರಿಗೇ ಇತ್ತು.

"ಅವರು ಬರೋದು ಟಿವಿ ನೋಡೋಕೆ ಕಣಜ್ಜಿ, ನಿನ್ನ ನೋಡೋಕಲ್ಲ. ಟಿವಿ ಬರೋಕೆ ಮುಂಚೆ ಎಷ್ಟು ಜನ ಬರ್ತಿದ್ರು ಹೇಳು ನೋಡೋಣ."

ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಹಚ್ಚುತ್ತಲೇ ಇದ್ದಳು. ಎಲೆ ಪೂರ್ತಿ ಬೆಳ್ಳಗಾಯಿತು. "ಚಾಲು ಬಿಡು," ಎಂದಳು. ಸಾಕು ಎನ್ನುವುದನ್ನು ಅವಳು ತೆಲುಗಿನಲ್ಲಿ ಹೇಳಿದರೆ ಅದರ ಮೇಲೆ ಮಾತಿಲ್ಲ. ಅಡುಗೆಮನೆಯಿಂದ ಅಮ್ಮ ಹೊರಬಂದು ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು. ನಾನು ಗೆದ್ದಿದ್ದೆ. ಆದರೂ ಭಾನುವಾರ ಸಿಗಲಿಲ್ಲವಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು.

ಮರುದಿನ ಬೆಳಕು ಹರಿಯುವಾಗ ಎದ್ದೆ. ಅಮ್ಮ ಹಾಲಿಗೆ ಹೋಗಿದ್ದಳು, ಅಪ್ಪ ಬಚ್ಚಲಿನಲ್ಲಿ, ಅಜ್ಜಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಟೇಪಿನ ದನಿಯ ಮೇಲೆ ದಿಂಬು ಒತ್ತಿಹಿಡಿದು ಆಟ ಹಾಕಿಕೊಂಡೆ. ಎರಡು ಗೋಡೆ ಮುಗಿಸಿ ಮೂರನೆಯದರಲ್ಲಿದ್ದಾಗ ಬಚ್ಚಲಿನ ಬಾಗಿಲು ಕಿರ್ ಎಂದಿತು. ಕಂಪ್ಯೂಟರಿನ ವೈರು ಕಿತ್ತು, ಆಂಟೆನಾದ ಪಿನ್ನನ್ನು ಕತ್ತಲಲ್ಲಿ ತಡಕಾಡಿ ತೂತಿಗೆ ತುರುಕಿದೆ. ತುರುಕುವಾಗ ವೈರು ಹಿಡಿದು ತಿರುಚಿದೆ. ಬೆರಳಿಗೆ ಏನೋ ಒಂದು ಸಣ್ಣಗೆ ಬಿಟ್ಟುಕೊಟ್ಟ ಹಾಗಾಯಿತು. ಒಣಗಿದ ಅವರೆಕಾಯಿಯ ತೊಟ್ಟು ಮುರಿದ ಹಾಗೆ. ನನಗೆ ಅದು ಆಗಲೇ ಗೊತ್ತಾಯಿತು. ಗೊತ್ತಿರಲಿಲ್ಲ ಎಂದು ಎಂದೂ ನಾನು ಹೇಳಲಾರೆ.

ಒಂಬತ್ತಕ್ಕೆ ನಡುಮನೆ ತುಂಬಿತು. ಅಪ್ಪ ಟಿವಿ ಹಾಕಿದರು. ತೆರೆಯ ತುಂಬ ಜೋಳದ ನುಚ್ಚು ಚೆಲ್ಲಿದ ಹಾಗೆ ಚುಕ್ಕಿಗಳು, ಸೋ ಎನ್ನುವ ಶಬ್ದ.

"ನಿನ್ನ ಆಟದ್ದೇ ಕೆಲಸ ಇದು," ಎಂದು ಅಪ್ಪ ನನ್ನ ಕಿವಿಯ ಹತ್ತಿರ ಹಲ್ಲು ಕಚ್ಚಿ ಹೇಳಿದರು.

ಮೂವತ್ತು ಜನ ನನ್ನನ್ನೇ ನೋಡುತ್ತಿರುವಂತೆ ಅನ್ನಿಸಿತು. ಬಾಯಿ ತಾನಾಗಿ ತೆರೆದುಕೊಂಡಿತು. "ಟ್ಯೂಬು ಹೋಗಿದ್ರೆ ಬೆಳಕೇ ಬರ್ತಿರಲಿಲ್ಲ. ಬೆಳಕು ಬಂದಿದೆ, ಶಬ್ದ ಬಂದಿದೆ. ಅಂದ್ರೆ ಟಿವಿ ಸರಿಯಾಗೇ ಇದೆ. ಚಿತ್ರ ಬರ್ತಿಲ್ಲ ಅಂದ್ರೆ ಮೇಲೆ ಆಂಟೆನಾಕ್ಕೆ ಏನೋ ಆಗಿದೆ. ನಿನ್ನೆ ಸಂಜೆ ಬೆಟ್ಟದ ಕೋತಿಗಳು ಮಾಳಿಗೆ ಮೇಲೆ ಕುಣೀತಿದ್ದವು."

ಕೋತಿಗಳು ಕುಣಿದದ್ದು ನಿಜ. ಅವು ದಿನಾ ಕುಣಿಯುತ್ತಿದ್ದವು. ಒಂದು ನಿಜವನ್ನು ತಂದು ಒಂದು ಸುಳ್ಳಿನ ಪಕ್ಕದಲ್ಲಿ ನಿಲ್ಲಿಸಿದರೆ ಎರಡೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ.

"ಹುಡುಗಿ ಹೇಳೋದು ಸರೀನೇ," ಎಂದ ಖಲೀಲಣ್ಣ. ನಂಗಲಿ ರಸ್ತೆಯಲ್ಲಿ ಲಾರಿ ಓಡಿಸುವವನು, ಬೀದಿಯಲ್ಲಿ ಏಣಿಯಿಲ್ಲದೆ ಮಾಳಿಗೆ ಹತ್ತುವವನು ಅವನೊಬ್ಬನೇ. ಹತ್ತಿಯೇಬಿಟ್ಟ. ಟಿವಿಯ ಮುಂದೆ ಅಪ್ಪ, ಬಾಗಿಲಲ್ಲಿ ಪಿಳ್ಳಮ್ಮ, ಅಂಗಳದಲ್ಲಿ ಎದುರು ಸಾಲಿನ ಮೇಷ್ಟ್ರು. ಪೈಪು ತಿರುಗಿಸಿದ ಹಾಗೆಲ್ಲ ಕೂಗು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಹೋಯಿತು.

"ಬಂತಾ?"

"ಬಂತೇನ್ರೀ?"

"ಇಲ್ಲ ಅಂತೆ."

"ಇನ್ನೂ ಸ್ವಲ್ಪ ಮದ್ರಾಸಿನ ಕಡೆ ತಿರುಗಿಸಯ್ಯ."

"ಮದ್ರಾಸಿನ ಕಡೆ ತಿರುಗಿಸಿದ್ರೆ ದೇವರು ತಮಿಳು ಮಾತಾಡ್ತಾನೆ, ಬೇಡ."

ಎಲ್ಲರೂ ನಕ್ಕರು. ಅಜ್ಜಿಯೂ ನಕ್ಕಳು. ನಾನು ನಗಲು ಹೋದೆ, ಆಗಲಿಲ್ಲ. ಮುಕ್ಕಾಲು ಗಂಟೆ ತಿರುಗಿಸಿದರು. ಕೊನೆಗೆ ಪೈಪಿನ ಹಿಡಿಕೆ ಬಿಟ್ಟು ಆಂಟೆನಾ ಮುಖ ಅಡಿಯಾಗಿ ಮಾಳಿಗೆಯ ಮೇಲೆ ಬಿತ್ತು. ಎರಡು ಕಡ್ಡಿ ಮುರಿದವು. ಅಷ್ಟು ಹೊತ್ತಿಗೆ ಧಾರಾವಾಹಿ ಮುಗಿದಿತ್ತು. ಹೋಗುವಾಗ ಮೇಷ್ಟ್ರು ಮೆಲ್ಲಗೆ, "ನಮ್ಮನೇಗೂ ಒಂದು ಬರ್ತಾ ಇದೆ, ಕಲರ್‍ದು. ಈ ವಾರದಲ್ಲಿ," ಎಂದರು.

ಕೋಲಾರದ ಅಂಗಡಿಯವನು ಹೊಸ ಆಂಟೆನಾ ಇಂದು ನಾಳೆ ಎನ್ನುತ್ತಿದ್ದ. ಮುಂದಿನ ಭಾನುವಾರ ನಮ್ಮ ಮನೆಗೆ ಯಾರೂ ಬರಲಿಲ್ಲ. ಮೇಷ್ಟ್ರ ಮನೆಗೆ ಆರು ಮೆಟ್ಟಿಲು, ಅಜ್ಜಿ ಹೋಗುವ ಹಾಗಿರಲಿಲ್ಲ. ನನಗಾದರೋ ಟಿವಿ ಪೂರ್ತಿ ನನ್ನದಾಗಿತ್ತು. ಕಂಪ್ಯೂಟರಿನ ವೈರು ಚುಚ್ಚಿದರೆ ಗೋಡೆ ಅಚ್ಚುಕಟ್ಟಾಗಿ ಬರುತ್ತಿತ್ತು. ಅದನ್ನು ನೋಡಿ ಅಪ್ಪನೇ, "ಇದು ಬರುತ್ತೆ ಅಂದ್ರೆ ಟಿವಿ ಸರಿಯಾಗಿದೆ. ನೀನು ಹೇಳಿದ್ದು ನಿಜ ಕಣಮ್ಮ, ನಾನೇ ದುಡುಕಿದೆ," ಎಂದುಬಿಟ್ಟರು. ಅಪ್ಪ ನನ್ನಲ್ಲಿ ತಪ್ಪೊಪ್ಪಿಕೊಂಡದ್ದು ಅದೇ ಮೊದಲು. ಆ ದಿನದಿಂದ ನನ್ನ ಹಲಗೆ ಚೆಂಡಿಗೆ ಸಿಗುವುದು ಕಮ್ಮಿಯಾಯಿತು. ಎರಡು ನಿಮಿಷ ಆಡುತ್ತಿದ್ದೆ, ಎದ್ದು ಜಗಲಿಗೆ ಹೋಗುತ್ತಿದ್ದೆ, ಮತ್ತೆ ಬಂದು ಕೂರುತ್ತಿದ್ದೆ. ರಾತ್ರಿ ಊಟಕ್ಕೆ ಕೂತರೆ ಎರಡೂ ಕಾಲು ಅಲ್ಲಾಡುತ್ತಿದ್ದವು.

ಮೂರನೆಯ ಭಾನುವಾರವೂ ಅಜ್ಜಿ ಅಮ್ಮನ ಕೈಲಿ ನಡುಮನೆ ತೊಳೆಸಿ, ಹೂ ಇಡಿಸಿ, ಮಂಚದ ಮೇಲೆ ಎದ್ದು ಕೂತಳು. ನಾನು ವೈರು ಕೈಯಲ್ಲಿ ಹಿಡಿದು, ಇವಳು ಯಾವಾಗ ಮಲಗುತ್ತಾಳೋ ಎಂದು ಕಾಯುತ್ತಾ ರಾಗಿ ಮೂಟೆಗೆ ಒರಗಿದ್ದೆ. ಎದುರು ಸಾಲಿನಿಂದ ಧಾರಾವಾಹಿಯ ಶಂಖದ ದನಿ ತೇಲಿ ಬಂತು. ಅಜ್ಜಿ ಮುಚ್ಚಿದ ಟಿವಿಯನ್ನೇ ನೋಡುತ್ತಾ ಕಥೆ ಹೇಳಲು ಶುರುಮಾಡಿದಳು. ಅಲ್ಲಿ ವಾದ್ಯ ಜೋರಾದರೆ ಇಲ್ಲಿ ಯುದ್ಧ, ಅಲ್ಲಿ ಹೆಂಗಸಿನ ದನಿ ಬಂದರೆ ಇಲ್ಲಿ ರಾಣಿಯ ಅಳು. ಕೇಳುತ್ತಿದ್ದವಳು ನಾನೊಬ್ಬಳೇ. ಅವಳು ನನ್ನತ್ತ ತಿರುಗಿ, "ಈಗ ಬಾಣ ಬಿಡ್ತಾನೆ ನೋಡು," ಎಂದಳು.

"ಅಜ್ಜಿ, ಕೋತಿ ಅಲ್ಲ. ನಾನು. ಆವತ್ತು ಬೆಳಿಗ್ಗೆ ಕದ್ದು ಆಡ್ತಿದ್ದೆ. ಪಿನ್ನಿನ ಒಳಗೆ ವೈರು ಮುರಿದಿದೆ. ಆಂಟೆನಾಕ್ಕೆ ಏನೂ ಆಗಿರಲಿಲ್ಲ, ಅದು ಮುರಿದಿದ್ದು ನನ್ನ ಮಾತು ಕೇಳಿ."

ಎದುರು ಮನೆಯಲ್ಲಿ ಬಾಣ ಬಿಟ್ಟ ಸದ್ದಾಯಿತು. ಅಜ್ಜಿ ಎಲೆಅಡಿಕೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಆ ಕೋತಿಗೆ ಬಾಯಿಲ್ಲ ಅಂತ ಅದರ ತಲೆ ಮೇಲೆ ಹಾಕ್ದೆ."

"ಹೂಂ."

"ಖಲೀಲ ಬಿದ್ದಿದ್ರೆ?"

ಉತ್ತರವಿಲ್ಲದೆ ನಿಲ್ಲುವುದು ಹೇಗೆ, ಕೈ ಎಲ್ಲಿಡಬೇಕು ಎನ್ನುವುದು ನನಗೆ ಗೊತ್ತಿರಲಿಲ್ಲ.

"ಅಪ್ಪನಿಗೆ ನೀನೇ ಹೇಳು. ನಾನು ಹೇಳಲ್ಲ," ಎಂದು ಅಜ್ಜಿ ಗೋಡೆ ಕಡೆಗೆ ತಿರುಗಿ ಮಲಗಿದಳು.

ಹೇಳಿದೆ. ಅಪ್ಪ ಬೈಯಲಿಲ್ಲ, ಅದನ್ನೇ ತಡೆಯಲಾಗಲಿಲ್ಲ. ಊಟ ಮುಗಿಸಿ ಮಾವನಿಗೆ ಒಂದು ಕಾರ್ಡು ಬರೆದರು: ಬಂದು ನಿನ್ನ ಸಾಮಾನು ತೆಗೆದುಕೊಂಡು ಹೋಗು. ಅಮ್ಮ ಒಲೆಯ ಮುಂದೆ, "ನನ್ನ ತಮ್ಮನ ಸಾಮಾನಲ್ವಾ, ಅದಕ್ಕೇ ಬೇಗ ಜಾಗ ಬಿಡ್ಬೇಕು," ಎಂದು ಬಸ್ಸಾರಿನ ಪಾತ್ರೆಗೆ ಹೇಳಿದಳು. ಅಪ್ಪನ ಪರವಾಗಿ ನಾನು ಅಮ್ಮನಿಗೆ ಉತ್ತರ ಕೊಡಬೇಕಾಗಿತ್ತು. ಆ ವಾರವೆಲ್ಲ ನಾನು ಯಾವುದಕ್ಕೂ ಉತ್ತರ ಕೊಡಲಿಲ್ಲ. ಶಾಲೆಯಲ್ಲಿ, ಜ್ವರವೇನಮ್ಮ, ಎಂದು ಕೇಳಿದರು.

ಮಾವ ಬಂದದ್ದು ಮುಂದಿನ ಭಾನುವಾರ, ಹನ್ನೊಂದರ ಹೊತ್ತಿಗೆ. ಕಂಪ್ಯೂಟರಿಗೆಂದು ರಟ್ಟಿನ ಡಬ್ಬ ತಂದಿದ್ದ. ಹೋಗುವ ಮುಂಚೆ ಪಿನ್ನನ್ನಾದರೂ ಬೆಸೆದು ಹೋಗುತ್ತೇನೆ ಎಂದು ನಡುಮನೆಯಲ್ಲಿ ಕೂತ. ಬೆಸುಗೆಯ ಹೊಗೆ ಅಜ್ಜಿಗೆ ಕೆಮ್ಮು ತರಿಸಿತು. ಮಾವ ಎದ್ದು ಬೀದಿ ಕಡೆಯ ಕಿಟಕಿ ಪೂರ್ತಿ ತೆರೆದ. ಅಪ್ಪ ಮನೆಯಲ್ಲಿರಲಿಲ್ಲ, ಸಂತೆಗೆ ಹೋಗಿದ್ದರು. ತೂತು ಸರಿಯಿದೆಯೋ ನೋಡಲು ಮಾವ ಕೊನೆಯದಾಗಿ ಒಮ್ಮೆ ಕಂಪ್ಯೂಟರು ಚುಚ್ಚಿ ಕ್ಯಾಸೆಟ್ಟು ಹಾಕಿದ. ಗೋಡೆ ಬಂತು. ಆಡು ಎಂದು ಅವನು ಹೇಳಲಿಲ್ಲ, ಆಡಲು ನನಗೂ ಮನಸ್ಸಿರಲಿಲ್ಲ. ಚೆಂಡು ಕೆಳಗೆ ಬಿದ್ದು ಬಿದ್ದು ಸಾಯುತ್ತಿತ್ತು.

ಪಿಳ್ಳಮ್ಮ ಹೆಪ್ಪಿಗೆ ಒಂದು ಚಮಚ ಮೊಸರು ಕೇಳಲು ಬಟ್ಟಲು ಹಿಡಿದು ಬಂದಳು. ಮೂರು ವಾರ ಬಾರದಿದ್ದ ಸಂಕೋಚಕ್ಕೆ ಹೊಸ್ತಿಲಲ್ಲೇ ನಿಂತಿದ್ದಳು. ಆಮೇಲೆ ಕಣ್ಣು ಟಿವಿಗೆ ಹೋಯಿತು.

"ಇದೇನಕ್ಕ ಇದು, ಗೋಡೆ ಕಟ್ಟೋದಾ, ಕೆಡವೋದಾ?"

"ಕೆಡವೋದು," ಎಂದಳು ಅಜ್ಜಿ. "ಕಟ್ಟೋದಾಗಿದ್ರೆ ನಮ್ಮ ಲಾಯರಮ್ಮ ಮುಟ್ತಿದ್ಲಾ?"

"ಮಾಲೂರಿನ ಇಟ್ಟಿಗೆ ಅಕ್ಕ, ಗಟ್ಟಿ. ಒಂದು ಕೈ ನೋಡ್ತೀರಾ?" ಎಂದ ಮಾವ.

ಪಿಳ್ಳಮ್ಮ ಬಟ್ಟಲು ಕೆಳಗಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು ಕೂತಳು. ಮೊದಲ ಚೆಂಡು ಹೋಯಿತು. ಎರಡನೆಯದೂ ಹೋಯಿತು. ಮೂರನೆಯದು ಹಲಗೆಗೆ ತಾಗಿ ಒಂದು ಇಟ್ಟಿಗೆ ಉದುರಿದಾಗ ಅವಳು ಹಿಂದಕ್ಕೆ ಜಿಗಿದಳು, ಮಣ್ಣು ಮೈಮೇಲೆ ಬೀಳುತ್ತದೇನೋ ಎಂಬಂತೆ. "ಇನ್ನೊಂದ್ ಸಲ," ಎಂದಳು. ಪಿಳ್ಳಮ್ಮ ಎಲ್ಲಿ ಹೋದಳು ಎಂದು ಆಚೆ ಮನೆಯ ಸರೋಜಮ್ಮ ಬಂದಳು. ಕಿಟಕಿಯಿಂದ ಇಣುಕಿದವರು ಒಳಗೆ ಬಂದರು. ಮೇಷ್ಟ್ರ ಹೆಂಡತಿಯೂ ಬಂದಳು.

"ಎಡಕ್ಕೆ ಹೋಗೇ, ಎಡಕ್ಕೆ."

"ನನ್ನ ಎಡಕ್ಕಾ, ಅದರ ಎಡಕ್ಕಾ?"

"ಅಯ್ಯೋ ಕೊಡಿಲ್ಲಿ, ರೊಟ್ಟಿ ತಟ್ಟೋ ಕೈಯಲ್ಲಿ ಬಟನ್ ಒತ್ತಿದ್ರೆ ಹಂಗೇ."

ಅಜ್ಜಿ ಮಂಚದ ತುದಿಗೆ ಸರಿದು, ಚೆಂಡು ಎಲ್ಲಿ ಬೀಳುತ್ತದೆಂದು ಅದು ಹೊರಡುವ ಮುಂಚೆಯೇ ಹೇಳುತ್ತಿದ್ದಳು. ಅರ್ಧ ತಪ್ಪಾಗುತ್ತಿತ್ತು.

ಅಪ್ಪ ಸಂತೆಯಿಂದ ಬಂದು, ತರಕಾರಿ ಚೀಲದೊಂದಿಗೆ ಬಾಗಿಲಲ್ಲೇ ನಿಂತರು.

"ಅಮ್ಮಾ, ಟ್ಯೂಬು ಸವೆದುಹೋಗುತ್ತೆ."

"ಸವೀಲಿ ಬಿಡೋ. ನನ್ನ ಮಂಡಿ ಸವೆದಿಲ್ವಾ?" ಅಜ್ಜಿ ಅವರತ್ತ ತಿರುಗಲಿಲ್ಲ. "ನಾಣಿ, ಆ ರಟ್ಟಿನ ಡಬ್ಬ ಮಡಚಿ ಅಟ್ಟದ ಮೇಲೆ ಹಾಕು. ಸೌದೆ ಹಚ್ಚೋಕೆ ಆಗುತ್ತೆ."

ಅಪ್ಪ ಎಲ್ಲರನ್ನೂ ದಾಟಿಕೊಂಡು ಅಡುಗೆಮನೆಗೆ ಹೋದರು. ಮಾವ ಡಬ್ಬ ಮಡಚಿದ. ಆಗ ಅಜ್ಜಿ ನನ್ನನ್ನು ಹತ್ತಿರ ಕರೆದು, ಪಕ್ಕದವರಿಗೆ ಕೇಳದಷ್ಟು ಮೆಲ್ಲಗೆ, "ನೋಡ್ದೇನೇ, ಎಷ್ಟು ಜನ ಬಂದವ್ರೆ. ಯಾರನ್ನ ನೋಡೋಕೆ ಅಂತೀಯ?" ಎಂದಳು. ಕೇಳುವಾಗ ಅವಳ ಕಣ್ಣು ನನ್ನ ಬಾಯಿಯ ಮೇಲಿತ್ತು.

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಮೂರು ವಾರ ಬಾರದವರು ಒಂದು ಹಲಗೆ, ಒಂದು ಚೆಂಡಿಗೆ ಓಡಿ ಬಂದಿದ್ದರು. ಅಷ್ಟು ಗಟ್ಟಿಯಾದ ಸಾಕ್ಷಿ ಯಾವ ಸ್ಪರ್ಧೆಯಲ್ಲೂ ನನಗೆ ಸಿಕ್ಕಿರಲಿಲ್ಲ.

"ಎಲ್ಲರಿಗೂ ಬಾಯಾರಿರಬೇಕಜ್ಜಿ," ಎಂದೆ. ಚೊಂಬು ತೆಗೆದುಕೊಂಡು ನೀರಿಗೆ ಹೋದೆ.